ದಿವಾನ್ ಕಾಟಿನೊಳಗೆ ಹದಿನಾಲ್ಕು ತಟ್ಟೆಗಳು

ಮೇಡಂ, ನನಗೆ ಹದಿನೇಳು ವರ್ಷ. ಬೆಂಗಳೂರಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಒಂದು ವರ್ಷದಿಂದ ಹಳೆಯ ಗ್ರಾಮಫೋನ್ ರೆಕಾರ್ಡುಗಳ ಹುಚ್ಚು ಹಿಡಿದಿದೆ. ಶುರುವಾದದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ, ಗೆಳತಿಯ ಜೊತೆ ಸುಮ್ಮನೆ ಸುತ್ತಲು ಹೋಗಿದ್ದಾಗ. ಈಗ ಪೇಟೆಯ ಒಂದು ಸಣ್ಣ ರೆಕಾರ್ಡ್ ಅಂಗಡಿಗೆ ತಿಂಗಳಿಗೆ ಮೂರು ಭಾನುವಾರವಾದರೂ ಹೋಗುತ್ತೇನೆ. ಅಂಗಡಿಯ ತಾತ ಒಳ್ಳೆಯವರು, ಕೊಳ್ಳದಿದ್ದರೂ ಕೇಳಿದ್ದನ್ನು ಹಾಕಿ ಕೇಳಿಸುತ್ತಾರೆ. ಮನೆಯಲ್ಲಿ ಕಂಬೈನ್ಡ್ ಸ್ಟಡಿ ಎಂದು ಹೇಳಿ ಹೋಗುತ್ತೇನೆ. ಅಜ್ಜಿ ಹಬ್ಬಕ್ಕೆ ಕೊಟ್ಟ ದುಡ್ಡೆಲ್ಲ ಇದಕ್ಕೇ ಹೋಯಿತು. ಹೋದ ತಿಂಗಳು ಪರೀಕ್ಷೆಯ ತಯಾರಿಯ ಟೆಸ್ಟ್ ಸೀರೀಸ್‌ಗೆ ಕಟ್ಟಬೇಕಿದ್ದ 3,500 ರೂಪಾಯಿಯನ್ನೂ ಖರ್ಚು ಮಾಡಿಬಿಟ್ಟೆ. ಒಟ್ಟು ಹದಿನಾಲ್ಕು ರೆಕಾರ್ಡುಗಳಿವೆ. ಅದರಲ್ಲಿ ಐದು ಬಹಳ ಹಳೆಯ 78ರವು, ನಿಮಿಷಕ್ಕೆ 78 ಸುತ್ತು ತಿರುಗುವಂಥವು. ದಿವಾನ್ ಕಾಟಿನೊಳಗೆ ರಜಾಯಿಗಳ ಕೆಳಗೆ ಅಡಗಿಸಿಟ್ಟಿದ್ದೇನೆ. ನಮ್ಮ ಮನೆಯಲ್ಲಿ ಪ್ಲೇಯರ್ ಇಲ್ಲ. ಅಂಗಡಿಗೆ ಬರುವ ಕೆಲವು ಹುಡುಗರು, ಅಂಕಲ್‌ಗಳು ನನ್ನನ್ನು ಕಂಡೊಡನೆ ‘ಇದು ಯಾವ ಕಂಪನಿ, ಯಾವ ವರ್ಷದ್ದು ಹೇಳು’ ಎಂದು ಪರೀಕ್ಷೆ ಮಾಡುತ್ತಾರೆ. ಗೊತ್ತಿಲ್ಲ ಎಂದರೆ ನಗುತ್ತಾರೆ. ಎಲ್ಲವನ್ನೂ ಮಾರಿ, ಪರೀಕ್ಷೆ ಮುಗಿಯುವವರೆಗೆ ಇದನ್ನು ಮರೆತುಬಿಡಲೇ? ಅಮ್ಮನಿಗೆ ಹೇಳಲೇಬೇಕೇ? ಇನ್ನೊಂದು ಮಾತು. ಅಪ್ಪನ ವಯಸ್ಸಿನ ಒಬ್ಬರು ‘ನಮ್ಮ ಮನೆಯಲ್ಲಿ ಒಳ್ಳೆಯ ಸೆಟ್ ಇದೆ, ಬಾ, ಕೇಳಿಸುತ್ತೇನೆ’ ಎಂದು ಎರಡು ಸಲ ಕರೆದರು. ನಾನು ಹೋಗಿಲ್ಲ.
– ಹೆಸರು ಬೇಡ, ಬೆಂಗಳೂರು

ಮಗಳೇ,

ನೀನು ಕೊನೆಯಲ್ಲಿ ‘ಇನ್ನೊಂದು ಮಾತು’ ಎಂದು ಸೇರಿಸಿದ್ದನ್ನು ನಾನು ಮೊದಲಿಗೆ ಎತ್ತಿಕೊಳ್ಳುತ್ತೇನೆ. ಆ ಮನೆಗೆ ಹೋಗಬೇಡ. ಒಬ್ಬಳೇ ಹೋಗಬೇಡ, ಗೆಳತಿಯನ್ನು ಕರೆದುಕೊಂಡೂ ಹೋಗಬೇಡ. ಆತ ಸಂಭಾವಿತನೇ ಇರಬಹುದು, ಆತನ ಸೆಟ್ ನಿಜವಾಗಿಯೂ ಚೆನ್ನಾಗಿರಬಹುದು. ಅದನ್ನು ಪರೀಕ್ಷಿಸಿ ತಿಳಿಯುವ ಹೊಣೆ ನಿನ್ನದಲ್ಲ. ಹಾಡು ಕೇಳಿಸಲೇಬೇಕೆಂದಿದ್ದರೆ ಅಂಗಡಿಯಲ್ಲಿ ಪ್ಲೇಯರ್ ಇದೆಯಲ್ಲ, ತಟ್ಟೆಯನ್ನು ಅಲ್ಲಿಗೇ ತರಲಿ, ಎಲ್ಲರೂ ಕೇಳಲಿ. ಮೊದಲ ಸಲ ನೀನು ಹೋಗದೆ ಉಳಿದದ್ದೇ ಉತ್ತರವಾಗಿತ್ತು. ಅದಾದ ಮೇಲೂ ಕರೆದದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅಂಗಡಿಯ ತಾತನಿಗೆ ನೇರವಾಗಿ ಹೇಳು: ‘ಅವರು ನನ್ನನ್ನು ಮನೆಗೆ ಕರೆಯುತ್ತಾರೆ, ನನಗೆ ಇಷ್ಟವಿಲ್ಲ.’ ಅಷ್ಟು ಸಾಕು. ತಾತ ಅದನ್ನು ನಕ್ಕು ಹಾರಿಸಿಬಿಟ್ಟರೆ ಆ ಅಂಗಡಿಯೂ ನಿನಗೆ ಬೇಡ. ಆ ಮನುಷ್ಯ ಮತ್ತೆ ಕರೆದರೆ, ಫೋನ್ ನಂಬರ್ ಕೇಳಿದರೆ, ಬಸ್ ನಿಲ್ದಾಣದವರೆಗೆ ಹಿಂದೆ ಬಂದರೆ ಅಂದೇ ಮನೆಯಲ್ಲಿ ತಿಳಿಸು. ಹದಿನೆಂಟು ತುಂಬದವರಿಗೆ 1098 ಮಕ್ಕಳ ಸಹಾಯವಾಣಿಯೂ ಇದೆ, ನೆನಪಿರಲಿ.

ನಿನ್ನ ಸುಳ್ಳು ಎಲ್ಲಿ ಕಚ್ಚುತ್ತಿದೆ ನೋಡು. 3,500 ರೂಪಾಯಿ ದೊಡ್ಡ ಮೊತ್ತವೇ, ಇಲ್ಲವೆನ್ನುವುದಿಲ್ಲ. ಆದರೆ ಕಂಬೈನ್ಡ್ ಸ್ಟಡಿಗೆಂದು ಹೋದ ಹುಡುಗಿ ರೆಕಾರ್ಡ್ ಅಂಗಡಿಯಲ್ಲಿ ಆದದ್ದನ್ನು ಯಾರ ಮುಂದೆ ಹೇಳಿಕೊಳ್ಳುತ್ತಾಳೆ? ಆ ಮನುಷ್ಯ ಎರಡು ಸಲ ಕರೆದದ್ದನ್ನು ನೀನು ಅಮ್ಮನಿಗೆ ಹೇಳದೆ, ಮುಖ ನೋಡದ ನನಗೆ ಬರೆದಿದ್ದೀಯೆ. ಅದಕ್ಕೇ ‘ಹೇಳಲೇಬೇಕೇ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೌದು, ಈ ವಾರವೇ.

ಹೇಗೆ ಹೇಳುವುದೆಂಬುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ನಿನ್ನನ್ನು ಬೈಯಲೇಬೇಕಾದ ಬೇರೊಂದು ಸಂಗತಿಯಿದೆ. ರೆಕಾರ್ಡುಗಳನ್ನು ಅಡ್ಡಡ್ಡ ಪೇರಿಸಿ, ಮೇಲೆ ರಜಾಯಿ ಹೇರಿ, ಅದರ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಬಿಟ್ಟಿದ್ದೀಯಲ್ಲ! ನನ್ನ ಚಿಕ್ಕಪ್ಪ ಬದುಕಿದ್ದು ಇದನ್ನು ಕೇಳಿಸಿಕೊಂಡಿದ್ದರೆ ಎದೆ ಹಿಡಿದುಕೊಂಡು ಕೂರುತ್ತಿದ್ದರು. ಅವರದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಜಾತ್ರೆ, ಗಣೇಶನ ಪೆಂಡಾಲು ಎಲ್ಲಿಗೆ ಹೋದರೂ ತಗಡಿನ ಪೆಟ್ಟಿಗೆಯಲ್ಲಿ ರೆಕಾರ್ಡುಗಳನ್ನು ಪುಸ್ತಕದ ಹಾಗೆ ಸಾಲಾಗಿ ನಿಲ್ಲಿಸಿಕೊಂಡು ಹೋಗುತ್ತಿದ್ದರು. ನಾವು ಮಕ್ಕಳು ಸುತ್ತ ಕೂತು ನೋಡಬಹುದಿತ್ತು, ಮುಟ್ಟುವಂತಿರಲಿಲ್ಲ. ಅಂಚಿನಲ್ಲಿ ಎರಡು ಅಂಗೈ ನಡುವೆ ಹಿಡಿದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮುಳ್ಳನ್ನು ಇಳಿಸುವಾಗ ಅವರು ಉಸಿರನ್ನೇ ಬಿಗಿಹಿಡಿಯುತ್ತಿದ್ದರು. ಒಮ್ಮೆ ಯಾರೋ ಒಂದು ಎಲ್‌ಪಿಯನ್ನು ಬಿಸಿಲಿಗೆ ಬಿದ್ದ ಬೆಂಚಿನ ಮೇಲೆ ಬಿಟ್ಟರು. ಊಟ ಮುಗಿಸಿ ಬರುವಷ್ಟರಲ್ಲಿ ಅದು ಕರಿದ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಯಾರೋ ಎಂದೆ; ಆ ಯಾರೋ ನಾನೇ.

ನಿನ್ನ ಹದಿನಾಲ್ಕರಲ್ಲಿ ಎರಡು ಜಾತಿ ಇವೆ, ಗಮನಿಸಿದ್ದೀಯೋ ಇಲ್ಲವೋ. ಎಲ್‌ಪಿ ಎಂಬುದು 1948ರಲ್ಲಿ ಬಂದ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆ, ಬಾಗುತ್ತದೆ, ಬೇಗ ಒಡೆಯುವುದಿಲ್ಲ. 78ರದು ಅರಗಿನ ತಟ್ಟೆ. ನಮ್ಮ ಕಾಡಿನ ಮರಗಳ ಮೇಲೆ ಅರಗಿನ ಹುಳು ಕಟ್ಟುವ ಅದೇ ಅರಗು. ಜಗತ್ತಿನ ಬಹುಪಾಲು ತಟ್ಟೆಗಳಿಗೆ ಅದು ಹೋಗುತ್ತಿದ್ದದ್ದು ಭಾರತದಿಂದ. ಕೈಜಾರಿದರೆ ಮಡಕೆಯ ಹಾಗೆ ಚೂರು. ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಹಾಕಿ ಒರೆಸಲು ಮಾತ್ರ ಹೋಗಬೇಡ. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುತ್ತಾರೆ, ನಿನ್ನ ಹಾಡೂ ಹಾಗೆಯೇ ಕರಗಿಹೋಗುತ್ತದೆ.

ಪ್ಲೇಯರ್ ಇಲ್ಲದೆ ಹದಿನಾಲ್ಕು ರೆಕಾರ್ಡು ಕೊಂಡದ್ದನ್ನು ಓದಿ ನಕ್ಕೆ, ಕ್ಷಮಿಸು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೀಯೆ. ಆದರೆ ನೀನೊಬ್ಬಳೇ ಅಲ್ಲ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು ಸಿ.ಡಿ.ಗಳಿಗಿಂತ ಹೆಚ್ಚು ಖರ್ಚಾದವು, 1987ರ ನಂತರ ಮೊದಲ ಸಲ. ಅಲ್ಲಿ ಅದನ್ನು ಕೊಳ್ಳುವವರಲ್ಲೂ ಸುಮಾರು ಅರ್ಧದಷ್ಟು ಜನರ ಬಳಿ ಪ್ಲೇಯರ್ ಇಲ್ಲವಂತೆ. ಅವರೆಲ್ಲ ಕವರ್ ನೋಡಿಕೊಂಡು ಸಂತೋಷಪಡುತ್ತಾರೋ ಏನೋ. ನಿನಗೆ ಅಂಗಡಿಯಾದರೂ ಇದೆ.

ಆ ಅಂಗಡಿಯ ಪರೀಕ್ಷಕರ ವಿಷಯ. ಇಂಥವರು ಎಲ್ಲ ರಂಗದಲ್ಲೂ ಇದ್ದಾರೆ. ಹುಡುಗಿಯೊಬ್ಬಳು ಕ್ರಿಕೆಟ್ ಮಾತಾಡಿದರೆ ಎಲ್‌ಬಿಡಬ್ಲ್ಯು ವಿವರಿಸು ಎನ್ನುತ್ತಾರೆ, ಇಲ್ಲಿ ಲೇಬಲ್ ಓದು ಎನ್ನುತ್ತಾರೆ. ‘ಗೊತ್ತಿಲ್ಲ, ನೀವೇ ಹೇಳಿ’ ಎಂದುಬಿಡು. ಗೊತ್ತಿಲ್ಲದ್ದನ್ನು ತಿಳಿಯುವುದಕ್ಕೇ ಅಲ್ಲವೇ ಅಂಗಡಿಗೆ ಹೋಗುವುದು. ಆದರೆ ಒಂದು ಸಂಗತಿಯನ್ನು ನಿನ್ನ ಕಿವಿಗೆ ಹಾಕಿಬಿಡುತ್ತೇನೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರಗಳನ್ನು ಹೊತ್ತು ಕಲ್ಕತ್ತೆಗೆ ಬಂದಾಗ, ದನಿ ಹಿಡಿಯುವ ಕೊಳವೆಯ ಮುಂದೆ ನಿಂತು ಮೊದಲು ಹಾಡಿದವರು ಯಾವ ಉಸ್ತಾದರೂ ಅಲ್ಲ, ಪಂಡಿತರೂ ಅಲ್ಲ. ನಾಟಕ ಕಂಪನಿಯ ಇಬ್ಬರು ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲಾ. ಒಬ್ಬಳಿಗೆ ಹದಿನಾಲ್ಕು, ಇನ್ನೊಬ್ಬಳಿಗೆ ಹದಿನಾರು ಎಂದು ಆತನೇ ಬರೆದಿಟ್ಟಿದ್ದಾನೆ. ಅವರ ದನಿ ಆತನಿಗೆ ಹಿಡಿಸಲೇ ಇಲ್ಲ. ಆಗಲೂ ಅಂಕ ಹಾಕುವವನೊಬ್ಬ ಎದುರಿಗೆ ಕೂತಿದ್ದ, ನೋಡು. ಅವನ ಅಂಕ ಏನೇ ಇರಲಿ, ಈ ದೇಶದ ರೆಕಾರ್ಡಿನ ಲೆಕ್ಕ ಶುರುವಾಗುವುದು ಆ ಇಬ್ಬರಿಂದಲೇ.

ಅದಾಗಿ ಕೆಲವೇ ದಿನಗಳಲ್ಲಿ ಕಲ್ಕತ್ತೆಯ ಹೆಸರಾಂತ ಗಾಯಕಿ ಗೌಹರ್ ಜಾನ್ ಬಂದರು. ಮೂರು ನಿಮಿಷದಲ್ಲಿ ರಾಗವನ್ನು ಹಿಂಡಿ ರಸ ತೆಗೆದು, ಹಾಡು ಮುಗಿದೊಡನೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಹೇಳಿ ನಿಲ್ಲಿಸುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಬೇಕಿತ್ತಲ್ಲ. ಕೊನೆಗಾಲದಲ್ಲಿ ಅವರು 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನಮ್ಮ ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳಂತೂ ಅವರ ಹೆಸರಿನಲ್ಲೇ ಬರಲಿಲ್ಲ, ಎಚ್‌ಎಂವಿ ಕಂಪನಿಯವರು ‘ಗಾಂಧಾರಿ’ ಎಂದು ಅಚ್ಚು ಹಾಕಿದರು. ಮುಂದಿನ ಸಲ ಯಾರಾದರೂ ಲೇಬಲ್ ಪರೀಕ್ಷೆಗೆ ಕೂರಿಸಿದರೆ, ‘ಎಚ್‌ಎಂವಿಯ ಹುಬ್ಬಳ್ಳಿಯ ಗಾಂಧಾರಿ ಯಾರು ಗೊತ್ತೇ?’ ಎಂದು ಕೇಳಿ ನೋಡು. ಅವರು ಇಂಗ್ಲೆಂಡಿನ ಬೀಟಲ್ಸ್ ತಂಡದ ಭಕ್ತರಾಗಿದ್ದರೆ, ಬೇರೆ ದೇಶಗಳು 78ನ್ನು ಕೈಬಿಟ್ಟ ಮೇಲೂ 1960ರ ದಶಕದಲ್ಲಿ ಬೀಟಲ್ಸ್ ಹಾಡುಗಳು ಕಲ್ಕತ್ತೆ ಬಳಿಯ ನಮ್ಮ ಡಂಡಂ ಕಾರ್ಖಾನೆಯಲ್ಲಿ ಅರಗಿನ ತಟ್ಟೆಯಾಗಿ ಅಚ್ಚಾದದ್ದೇಕೆ ಎಂದು ಕೇಳು. ಕರೆಂಟಿಲ್ಲದ ಮನೆಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನುಗಳು ಇನ್ನೂ ಉಳಿದಿದ್ದವು, ಅದಕ್ಕೆ. ಇದನ್ನೆಲ್ಲ ಒಂದೇ ಸಲ ಪ್ರಯೋಗಿಸಬೇಡ. ಆಮೇಲೆ ನೀನೇ ಪರೀಕ್ಷಕಳಾಗಿಬಿಡುತ್ತೀಯೆ.

ಇನ್ನು ಅಮ್ಮ. ಭಾನುವಾರ ಬೇಡ. ವಾರದ ಮಧ್ಯೆ, ರಾತ್ರಿ ಊಟವಾಗಿ ಅಡುಗೆಮನೆ ಒರೆಸಿ ಅವರು ಕೂತಾಗ ಹೇಳು. ಕೈಯಲ್ಲಿ ರೆಕಾರ್ಡು ಹಿಡಿದುಕೊಂಡು ಹೋಗಬೇಡ, ಗೌಹರ್ ಜಾನ್ ಕಥೆ ಆ ದಿನ ಖಂಡಿತ ಬೇಡ. ಮೊದಲು ದುಡ್ಡು: ‘ಟೆಸ್ಟ್ ಸೀರೀಸ್ ದುಡ್ಡು ಕಟ್ಟಿಲ್ಲ, ಖರ್ಚು ಮಾಡಿದ್ದೇನೆ.’ ಆಮೇಲೆ ಎಲ್ಲಿಗೆ ಹೋಗುತ್ತಿದ್ದೆ ಎಂಬುದು. ಆಮೇಲೆ ಆ ಮನುಷ್ಯ. ಈ ಮೂರನೆಯದನ್ನು ಕೇಳಿದಾಗ ಅಮ್ಮ ಎಲ್ಲಕ್ಕಿಂತ ಜೋರಾಗಿ ರೇಗುತ್ತಾರೆ. ಅದು ಹೆದರಿಕೆ, ಸಿಟ್ಟಿನ ಹಾಗೆ ಕಾಣುತ್ತದೆ ಅಷ್ಟೇ. ‘ಇನ್ನು ಮನೆ ಬಿಟ್ಟು ಹೊರಗೆ ಕಾಲಿಡಬೇಡ’ ಎಂದೂ ಹೇಳಿಯಾರು. ಆ ರಾತ್ರಿ ವಾದಿಸಬೇಡ. ಎರಡು ದಿನ ಬಿಟ್ಟು, ‘ಅಮ್ಮ, ಒಂದು ಸಲ ನೀನೇ ಬಂದು ಅಂಗಡಿ ನೋಡು’ ಎಂದು ಕರೆ. ಅಜ್ಜಿಯೂ ಬಂದರೆ ಇನ್ನೂ ಒಳ್ಳೆಯದು. ತಾತನಿಗೆ ಮೊದಲೇ ಹೇಳಿಟ್ಟು, ಅಮ್ಮ ಕೆಲಸ ಮಾಡುತ್ತ ಗುನುಗುವ ಹಾಡು ಯಾವುದೋ ಅದನ್ನು ಹಾಕಿಸು. ಇದರಿಂದ ಅಮ್ಮ ಕರಗಿಬಿಡುತ್ತಾರೆ ಎಂದು ನಾನು ಮಾತು ಕೊಡಲಾರೆ. ಆದರೆ ಆ ಜಾಗ ಹೇಗಿದೆ, ಯಾರು ಯಾರು ಬರುತ್ತಾರೆ ಎಂದು ಕಣ್ಣಾರೆ ನೋಡಿರುತ್ತಾರೆ. ಅಲ್ಲಿ ಬಂದು ನಿಲ್ಲುವವರಿಗೂ ನಿನಗೊಬ್ಬಳು ತಾಯಿ ಇದ್ದಾಳೆಂದು ಗೊತ್ತಾಗಿರುತ್ತದೆ.

ದುಡ್ಡಿಗೆ ದಾರಿ ಇದೆ. ಎಲ್ಲವನ್ನೂ ಮಾರಬೇಡ. ಹದಿನಾಲ್ಕನ್ನೂ ಮುಂದೆ ಇಟ್ಟುಕೊಂಡು, ಯಾವುದರ ಹಾಡು ಕಣ್ಣುಮುಚ್ಚಿದರೆ ನಿನ್ನ ತಲೆಯಲ್ಲಿ ಓಡುತ್ತದೆಯೋ ಅದನ್ನು ಒಂದು ಕಡೆ ಇಡು. ಕವರ್ ಚಂದ ಎಂದು ಕೊಂಡದ್ದು, ಪಕ್ಕದವರು ಹೊಗಳಿದರೆಂದು ಕೊಂಡದ್ದು ಇನ್ನೊಂದು ಕಡೆ. ಆ ಎರಡನೆಯ ರಾಶಿಯನ್ನು ತಾತನಿಗೇ ವಾಪಸು ಕೊಡು. ಕೊಟ್ಟ ಬೆಲೆ ಸಿಗುವುದಿಲ್ಲ, ಕೈ ಸುಡುತ್ತದೆ, ಸುಡಲಿ. ಬಂದದ್ದನ್ನು ಅಮ್ಮನ ಕೈಗೆ ಕೊಟ್ಟು, ಉಳಿದದ್ದನ್ನು ಪರೀಕ್ಷೆಯ ನಂತರ ಹೇಗೆ ತೀರಿಸುತ್ತೀಯೆಂದು ಅವರೊಡನೆ ಕೂತು ಲೆಕ್ಕ ಹಾಕು. ಟೆಸ್ಟ್ ಸೀರೀಸ್‌ಗೆ ಇನ್ನೂ ಸೇರಬಹುದೇ ಎಂದು ನಾಳೆಯೇ ಫೋನ್ ಮಾಡಿ ಕೇಳು.

ಪರೀಕ್ಷೆ ಮುಗಿಯುವವರೆಗೆ ಹೊಸ ತಟ್ಟೆ ಕೊಳ್ಳಬೇಡ, ಪ್ಲೇಯರ್ ಸಹ ಬೇಡ. ಅಂಗಡಿಗೆ ಹದಿನೈದು ದಿನಕ್ಕೊಮ್ಮೆ ಹೋಗಿ ಬಾ, ಮನೆಯಲ್ಲಿ ಹೇಳಿ. ಪೂರ್ತಿ ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ. ಬಿಟ್ಟದ್ದೆಲ್ಲ ಭೌತಶಾಸ್ತ್ರದ ಪುಸ್ತಕದೊಳಗೆ ಬಂದು ಕೂರುತ್ತದೆ. ಎಲ್‌ಪಿಯ ಒಂದು ಮುಖ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಎರಡು ಮುಖ ಕೇಳಿ ಎದ್ದು ಬಾ. ಮುಂದೆ ಪ್ಲೇಯರ್ ಕೊಳ್ಳುವ ಕಾಲ ಬಂದಾಗ, ಸೂಟ್‌ಕೇಸಿನ ಹಾಗೆ ಮಡಚುವ ಅಗ್ಗದ ಯಂತ್ರಗಳಿಗೆ ಮರುಳಾಗಬೇಡ. ಅವುಗಳ ಮುಳ್ಳು ತಟ್ಟೆಯ ಮೇಲೆ ವಿಪರೀತ ಭಾರ ಬಿಡುತ್ತದೆ. ಎಲ್‌ಪಿಯ ಮುಳ್ಳಿನಲ್ಲಿ 78ನ್ನು ನುಡಿಸಬಾರದು. ಅದರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳು ಬೇರೆಯೇ ಬೇಕು, ಯಂತ್ರಕ್ಕೆ 78ರ ವೇಗವೂ ಇರಬೇಕು. ತಾತನನ್ನು ಕೇಳಿದರೆ ತೋರಿಸಿಕೊಡುತ್ತಾರೆ.

ಇನ್ನೊಂದು ವಿಚಿತ್ರ ನೋಡು. ಮೊಬೈಲಿನ ಹಾಡಾದರೆ ಕಿವಿಗೆ ಸಿಕ್ಕಿಸಿಕೊಂಡು ಒಬ್ಬಳೇ ಕೇಳಬಹುದು, ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ನೀನು ಮನಸೋತದ್ದು ಮೈಕ್ ಸೆಟ್ಟಿನ ಜಾತಿಗೆ. ಮುಳ್ಳಿಟ್ಟರೆ ಹಜಾರಕ್ಕೆಲ್ಲ, ಅಡುಗೆಮನೆಗೆಲ್ಲ, ಅಜ್ಜಿಯ ಕೋಣೆಗೆಲ್ಲ ಕೇಳಿಸುವಂಥದ್ದು. ಅದನ್ನೇ ತಂದು ರಜಾಯಿಯ ಕೆಳಗೆ ಗುಟ್ಟು ಮಾಡಿಟ್ಟಿದ್ದೀಯೆ.

ಇವತ್ತು ಈ ಪತ್ರ ಓದಿ ಮುಗಿಸಿದ ಮೇಲೆ ದಿವಾನ್ ಕಾಟಿನ ಹಲಗೆ ಎತ್ತು. ಅರಗಿನವನ್ನು ಮೊದಲು ತೆಗೆ, ಒಂದೊಂದಾಗಿ, ಅಂಚು ಹಿಡಿದು. ನಿನ್ನ ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ, ಬಿಸಿಲು ಬೀಳದ ಕಡೆ, ನೆಟ್ಟಗೆ ನಿಲ್ಲಿಸು. ಹದಿನಾಲ್ಕು ರೆಕಾರ್ಡು ಅಲ್ಲಿ ನಿಂತರೆ ಯಾರಿಗಾದರೂ ಕಾಣುತ್ತದೆ. ಅಮ್ಮ ಕೇಳುತ್ತಾರೆ.