ನಿಕೇಯ ಸಭೆಯಲ್ಲಿ ಬೈಬಲ್ ಪುಸ್ತಕಗಳನ್ನು ಆರಿಸಿದ್ರಾ?
ಇಲ್ಲ. ಕ್ರಿ.ಶ. 325ರಲ್ಲಿ ಕ್ರೈಸ್ತ ಬಿಷಪ್‌ಗಳು ಸೇರಿದ್ದ ನಿಕೇಯ ಸಭೆಯಲ್ಲಿ ಬೈಬಲ್‌ಗೆ ಯಾವ ಪುಸ್ತಕ ಸೇರಬೇಕು ಅಂತ ಮತ ಹಾಕಿದ್ರಾ ಅಂತ ಕೇಳಿದ್ದೀರಲ್ಲ, ಅದು ಸುಮ್ನೆ ಹಬ್ಬಿದ ಕಥೆ. ಅಲ್ಲಿನ ದೊಡ್ಡ ಜಗಳ ಅರಿಯಸ್ ಅನ್ನೋ ಪಾದ್ರಿಯದು, ಮಗನಾದ ಕ್ರಿಸ್ತ ತಂದೆಯಾದ ದೇವರಿಗೆ ಸಮನೋ ಅಲ್ಲವೋ ಅಂತ. ಜೊತೆಗೆ ಈಸ್ಟರ್ ಯಾವತ್ತು ಅನ್ನೋದು. ಸಭೆ ಮಾಡಿದ 20 ನಿಯಮಗಳನ್ನು ಓದಿ ನೋಡಿ, ಪುಸ್ತಕಗಳ ಪಟ್ಟಿಯ ಮಾತೇ ಇಲ್ಲ. ನನಗೆ ಜಾಸ್ತಿ ಇಷ್ಟ 17ನೆಯದು: ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ವಸೂಲಿ ಮಾಡುವ ಪಾದ್ರಿಯನ್ನು ಹುದ್ದೆಯಿಂದ ತೆಗೀಬೇಕು. ನಿಯಮ ಮಾಡಿದ್ದಾರೆ ಅಂದ್ರೆ ಅಂಥವರು ಇದ್ದರು ಅಂತ ತಾನೇ! 20ನೆಯದು ಭಾನುವಾರ ಮಂಡಿಯೂರಬೇಡಿ, ನಿಂತೇ ಪ್ರಾರ್ಥಿಸಿ ಅನ್ನುತ್ತದೆ. ಬೈಬಲ್‌ನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳ ಪಟ್ಟಿ ಬೇಕಿದ್ದರೆ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರ ನೋಡಿ, ಅದರಲ್ಲಿದೆ.