ತಾಯಿಯನ್ನು ನರ್ಸಿಂಗ್ ಹೋಮಿಗೆ ಸೇರಿಸುವ ಮುನ್ನ

ಪ್ರಶ್ನೆ: ನಮ್ಮ ತಾಯಿಗೆ 78 ವರ್ಷ. ಲಕ್ವ ಹೊಡೆದು ಎಡಭಾಗ ಸ್ವಾಧೀನದಲ್ಲಿಲ್ಲ. ತುಮಕೂರಿನಲ್ಲಿ ದಂಪತಿ ಮತ್ತು ಅವರ ಸೊಸೆ ಸೇರಿ ಮನೆಯಲ್ಲೇ ನಡೆಸುತ್ತಿರುವ ನರ್ಸಿಂಗ್ ಹೋಮ್ ಒಂದಕ್ಕೆ ಸೇರಿಸಬೇಕೆಂದಿದ್ದೇನೆ. ಅಲ್ಲಿ ಏನೇನು ವಿಚಾರಿಸಬೇಕು? ಅಣ್ಣಂದಿರಿಬ್ಬರೂ ಖರ್ಚಿನಲ್ಲಿ ಪಾಲು ಕೊಡಲು ಒಪ್ಪುತ್ತಿಲ್ಲ, ಅದಕ್ಕೇನಾದರೂ ದಾರಿಯಿದೆಯೇ?
— ಓದುಗರೊಬ್ಬರು, ಕೊರಟಗೆರೆ

ಉತ್ತರ: ಮನೆಯವರೇ ನಡೆಸುವ ಕಡೆ ಬೆಳಿಗ್ಗೆ ಕಂಡ ಮುಖವೇ ಸಂಜೆಗೂ ಕಾಣುತ್ತದೆ, ಹಾಸಿಗೆ ಹಿಡಿದವರಿಗೆ ಇದು ಸಣ್ಣ ಸಮಾಧಾನವಲ್ಲ. ಆದರೆ ದುಡಿಯುವ ಕೈಗಳು ಅಲ್ಲಿ ಕೆಲವೇ. ಆದ್ದರಿಂದ ಕೋಣೆ, ಬಿಸಿನೀರುಗಳಿಗಿಂತ ಮೊದಲು, ರಾತ್ರಿ ಎಚ್ಚರವಿರುವವರು ಯಾರು, ಆ ಮನೆಯಲ್ಲೇ ಮದುವೆಯೋ ಸೂತಕವೋ ಬಂದ ದಿನ ರೋಗಿಗಳ ಹೊಣೆ ಯಾರದು ಎಂದು ಕೇಳಿ. ಇದಕ್ಕೆ 'ಹೇಗೋ ನೋಡಿಕೊಳ್ಳುತ್ತೇವೆ' ಎಂಬ ಉತ್ತರ ಸಾಲದು.

ತಾವಾಗಿ ಹೊರಳಲಾರದವರನ್ನು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಸೊಂಟ, ಬೆನ್ನಿನ ಕೆಳಭಾಗ, ಹಿಮ್ಮಡಿಗಳ ಮೇಲೆ ಭಾರ ಬಿದ್ದು, ರಕ್ತಸಂಚಾರ ಕುಂದಿ, ಚರ್ಮ ಕೆಂಪಾಗಿ ಕೊನೆಗೆ ಹುಣ್ಣಾಗುತ್ತದೆ. ಗಾಳಿಹಾಸಿಗೆ ಇದೆಯೆಂದ ಮಾತ್ರಕ್ಕೆ ಈ ಕೆಲಸ ತಪ್ಪುವುದಿಲ್ಲ. ಮಗ್ಗುಲು ಬದಲಿಸಿದ ಹೊತ್ತನ್ನು ಬರೆದಿಡುವ ಪುಸ್ತಕವನ್ನು ತೋರಿಸಲು ಹೇಳಿ. ಇಡೀ ವಾರದ ದಾಖಲೆ ಒಂದೇ ಸಲ ಕೂತು ಬರೆದಂತೆ ಕಂಡರೆ ನನಗಂತೂ ಅನುಮಾನ ಬರುತ್ತದೆ.

ಊಟದ ಹೊತ್ತಿಗೆ ಹೇಳದೆ ಒಮ್ಮೆ ಹೋಗಿ ನೋಡಿ. ಲಕ್ವ ಹೊಡೆದ ಅನೇಕರಿಗೆ ನುಂಗುವ ಶಕ್ತಿ ಕುಗ್ಗಿರುತ್ತದೆ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿಯಾದ್ದರಿಂದ, ತಾಯಿಯವರು ಆಸೆಪಟ್ಟರೆಂದು ಯಾರೋ ಪ್ರೀತಿಯಿಂದ ಕೊಟ್ಟ ತುತ್ತೇ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ತೆಳ್ಳಗಿನ ನೀರು, ಸಾರುಗಳೂ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲವು. ಏನನ್ನು, ಎಷ್ಟು ಗಟ್ಟಿಯಾಗಿ ಕೊಡಬೇಕೆಂದು ವೈದ್ಯರಿಂದ ಬರೆಸಿಕೊಂಡು ಹೋಗಿ. ನೆಟ್ಟಗೆ ಕೂರಿಸಿ ಉಣಿಸುತ್ತಾರೆಯೇ, ಉಂಡ ಮೇಲೆ ಅರ್ಧ ಗಂಟೆಯಾದರೂ ಹಾಗೆಯೇ ಕೂರಿಸುತ್ತಾರೆಯೇ ಎಂಬುದನ್ನು ಕಣ್ಣಾರೆ ನೋಡಿ.

ತಿಂಗಳ ಶುಲ್ಕದಲ್ಲಿ ಡೈಪರ್, ಔಷಧಿ, ಫಿಸಿಯೋಥೆರಪಿ ಸೇರಿವೆಯೇ, ಮಧ್ಯದಲ್ಲಿ ಬಿಡಿಸಿಕೊಂಡು ಹೋದರೆ ಮುಂಗಡ ಹಣ ಹಿಂದಿರುಗುವುದೇ ಎಂಬುದನ್ನು ಬರಹದಲ್ಲೇ ಪಡೆಯಿರಿ. ನರ್ಸಿಂಗ್ ಹೋಮ್ ಎಂದು ಫಲಕ ಹಾಕಿ ಚಿಕಿತ್ಸೆ ಕೊಡುವವರು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರವನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಖರ್ಚಿನ ಮಾತು. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಪ್ರಕಾರ, ತಮ್ಮ ಆದಾಯ ಮತ್ತು ಆಸ್ತಿಯಿಂದ ಜೀವನ ನಡೆಸಲಾಗದ ತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಅವರಿಗೆ ಓಡಾಡಲಾಗದಿದ್ದರೆ ಅವರು ಅಧಿಕಾರ ಕೊಟ್ಟವರೂ ಅರ್ಜಿ ಹಾಕಬಹುದು. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶಿಸಬಹುದು. ಕೊರಟಗೆರೆ ಮಧುಗಿರಿ ಉಪವಿಭಾಗಕ್ಕೆ ಸೇರಿದ್ದರಿಂದ ಅರ್ಜಿಯನ್ನು ಅಲ್ಲಿಯೇ ಕೊಡಬಹುದು. ಹೆಚ್ಚಿನ ವಿವರಕ್ಕೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಅರ್ಜಿಗೆ ಮೊದಲು ಅಣ್ಣಂದಿರನ್ನು ಒಮ್ಮೆ ನಿಮ್ಮೊಡನೆ ಆ ಮನೆಗೆ ಕರೆದುಕೊಂಡು ಹೋಗಿ, ಶುಲ್ಕದ ಚೀಟಿಯನ್ನು ಅವರ ಕೈಗೇ ಕೊಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.