ಮನೆಮಂದಿಯೆಲ್ಲ ಸೇರಿ ಆಡೋಕೆ ಚಿಕ್ಕ ಕಂಪನಿಯ ಗೇಮಿಂಗ್ ಕನ್ಸೋಲ್ ಕೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿದೆ. 6 ಮತ್ತು 11 ವರ್ಷದ ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ. ಎಲ್ಲರೂ ಒಟ್ಟಿಗೆ ಆಡುವಂಥದ್ದು ಬೇಕು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಬಿಟ್ಟು ನೆಕ್ಸ್ ಪ್ಲೇಗ್ರೌಂಡ್, ಎವರ್‌ಕೇಡ್, ಪ್ಲೇಡೇಟ್ ತರಹದ ಕನ್ಸೋಲ್‌ಗೆ ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಆದರೆ ಇವತ್ತು ಡಬ್ಬಿಯೊಳಗೆ ಏನಿದೆಯೋ ಅಷ್ಟಕ್ಕೇ ಆ ದುಡ್ಡು ಸರಿ ಅನ್ನಿಸಬೇಕು. ಮುಂದೆ ಬರುತ್ತೆ ಅಂತ ಕಂಪನಿ ಹೇಳಿರುವ ಗೇಮ್‌ಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ.

ಇದು ನಾನು ದುಡ್ಡು ಕಳೆದುಕೊಂಡು ಕಲಿತದ್ದು. ಕೆಲವು ವರ್ಷಗಳ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಒಂದು ಚಿಕ್ಕ ಕಂಪನಿಯ ಕನ್ಸೋಲ್ ತಂದುಕೊಟ್ಟಿದ್ದೆ. ಹೆಸರು ಬೇಡ. ಗೇಮ್‌ಗಳು ಚೆನ್ನಾಗಿದ್ದವು, ಅವಳು ದಿನಾ ಆಡುತ್ತಿದ್ದಳು. ಮೊದಲ ಸಲ ಆನ್ ಮಾಡುವಾಗ ಫೋನ್ ಆ್ಯಪ್‌ನಲ್ಲಿ ಅಕೌಂಟ್ ಮಾಡಿ ಲಾಗಿನ್ ಆಗಬೇಕಿತ್ತು, ಎಲ್ಲದಕ್ಕೂ ಹೀಗೇ ಅಲ್ವಾ ಅಂತ ನಾನು ಅದರ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ. ಎರಡು ವರ್ಷಕ್ಕೆ ಕಂಪನಿ ಬಾಗಿಲು ಮುಚ್ಚಿತು. ಆಗಲೂ ಆಟ ನಡೆಯುತ್ತಿತ್ತು. ಆಮೇಲೆ ಒಂದು ದಿನ ಹ್ಯಾಂಗ್ ಆಯಿತು ಅಂತ ರೀಸೆಟ್ ಮಾಡಿದೆ. ಅದು ಮತ್ತೆ ಲಾಗಿನ್ ಕೇಳಿತು. ಆ ಕಡೆ ಉತ್ತರ ಕೊಡುವ ಸರ್ವರ್ ಇರಲಿಲ್ಲ. ಯಂತ್ರಕ್ಕೆ ಏನೂ ಆಗಿರಲಿಲ್ಲ, ಟಿವಿಯಲ್ಲಿ ಚಿತ್ರ ಬರುತ್ತಿತ್ತು, ಕಂಟ್ರೋಲರ್‌ನ ದೀಪ ಉರಿಯುತ್ತಿತ್ತು, ಆದರೆ ಆ ಲಾಗಿನ್ ಪುಟ ದಾಟಿ ಒಳಗೆ ಹೋಗೋಕೆ ದಾರಿಯೇ ಇರಲಿಲ್ಲ. ನನ್ನ ಸ್ಕೋರೆಲ್ಲ ಎಲ್ಲಿ ಹೋಯ್ತು ಅಂತ ಮಗಳು ಕೇಳಿದಾಗ ತುಂಬಾ ಬೇಜಾರಾಯಿತು.

ಹಾಗಾಗಿ ಈಗ ಯಾವ ಕನ್ಸೋಲ್ ನೋಡಿದರೂ ನನ್ನ ಮೊದಲ ಪ್ರಶ್ನೆ ಇದೇ: ಈ ಕಂಪನಿ ನಾಳೆ ಮುಚ್ಚಿದರೆ, ಇಂಟರ್‌ನೆಟ್ ಇಲ್ಲದೆ, ರೀಸೆಟ್ ಮಾಡಿದ ಮೇಲೂ ಇದು ಆಡುತ್ತಾ? ಚಿಕ್ಕ ಕನ್ಸೋಲ್‌ಗಳ ವಿಷಯದಲ್ಲಿ ಇದು ಸುಮ್ನೆ ಹೆದರಿಕೆ ಅಲ್ಲ. ಔಯಾ ಅಂತ ಒಂದಿತ್ತು. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ (ಇನ್ನೂ ತಯಾರಾಗದ ವಸ್ತುವಿಗೆ ಜನರಿಂದ ಮೊದಲೇ ದುಡ್ಡು ಸೇರಿಸುವ ವೆಬ್‌ಸೈಟ್) ಜನ ಸುಮಾರು 85 ಲಕ್ಷ ಡಾಲರ್ ಕೊಟ್ಟರು, 2013ರಲ್ಲಿ ಮಾರುಕಟ್ಟೆಗೆ ಬಂತು, 2015ರಲ್ಲಿ ಅದರ ಸಾಫ್ಟ್‌ವೇರ್ ವಹಿವಾಟು ರೇಜರ್ ಕಂಪನಿಯ ಕೈಗೆ ಹೋಯಿತು, 2019ರ ಜೂನ್‌ನಲ್ಲಿ ಗೇಮ್ ಸಿಗುತ್ತಿದ್ದ ಆನ್‌ಲೈನ್ ಅಂಗಡಿಯೇ ಬಂದ್. ಇನ್ನೊಂದು ಇಂಟೆಲಿವಿಷನ್ ಅಮಿಕೊ. ಇದಂತೂ ನಿಮ್ಮಂಥ ಮನೆಗಳಿಗೆ ಅಂತಲೇ ಪ್ರಚಾರ ಮಾಡಿದ್ದು. ಎಲ್ಲರೂ ಸೋಫಾದಲ್ಲಿ ಕೂತು ಆಡುವ ಸರಳ ಆಟಗಳು, ಹಿಂಸೆ ಇಲ್ಲ, ಮಕ್ಕಳಿಗೂ ಅಜ್ಜ ಅಜ್ಜಿಗೂ ಒಂದೇ ಕಂಟ್ರೋಲರ್. 2018ರಲ್ಲಿ ಘೋಷಣೆ ಆಯಿತು, 2020ರ ಅಕ್ಟೋಬರ್ 10ಕ್ಕೆ ಬರುತ್ತೆ ಅಂದರು. ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಮುಂಗಡ ಕಟ್ಟಿದ ಜನ ಕಾದರು. ಆ ಕನ್ಸೋಲ್ ಮಾರುಕಟ್ಟೆಗೆ ಬರಲೇ ಇಲ್ಲ, 2024ರಲ್ಲಿ ಇಂಟೆಲಿವಿಷನ್ ಅನ್ನುವ ಹೆಸರನ್ನು ಅಟಾರಿ ಅನ್ನುವ ಗೇಮ್ ಕಂಪನಿ ಕೊಂಡುಕೊಂಡಿತು. ಆ ಕನ್ಸೋಲ್‌ನ ಆಸೆ ನನಗೂ ಇತ್ತು. ಮನೆಮಂದಿಯೆಲ್ಲ ಒಂದೇ ಕಡೆ ಕೂತು ಆಡಬೇಕು ಅನ್ನುವ ಆಸೆ ಎಷ್ಟು ಜನರಿಗಿದೆ ಅಂತ ಅದರಿಂದ ಗೊತ್ತಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಮುಂಗಡ ಬುಕಿಂಗ್ ಮಾತ್ರ ಮಾಡಬೇಡಿ. ಅಂಗಡಿಯಲ್ಲಿ ಇರುವ ಡಬ್ಬಿಯನ್ನೇ ಕೊಳ್ಳಿ.

ದೊಡ್ಡ ಕಂಪನಿಗಳೂ ಅಂಗಡಿ ಮುಚ್ಚುತ್ತವೆ ಅಂತ ನೀವು ಕೇಳಬಹುದು. ಹೌದು, ನಿಂಟೆಂಡೊ ವೀ ಕನ್ಸೋಲ್‌ನ ಆನ್‌ಲೈನ್ ಅಂಗಡಿ 2019ರಲ್ಲೇ ಮುಚ್ಚಿತು. ಆದರೆ ವೀ 10 ಕೋಟಿಗಿಂತ ಜಾಸ್ತಿ ಮಾರಾಟವಾದ ಕನ್ಸೋಲ್. ಡಿಸ್ಕ್ ಹಾಕಿದರೆ ಇವತ್ತಿಗೂ ಆಡುತ್ತದೆ. ಕಂಟ್ರೋಲರ್ ಕೆಟ್ಟರೆ ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ರಿಪೇರಿ ಗೊತ್ತಿರುವವರು ಸಿಗುತ್ತಾರೆ, ಏನೇ ತೊಂದರೆ ಬಂದರೂ ಅದೇ ತೊಂದರೆ ಪಟ್ಟ ಸಾವಿರ ಜನ ಉತ್ತರ ಬರೆದಿಟ್ಟಿರುತ್ತಾರೆ. ಚಿಕ್ಕ ಕನ್ಸೋಲ್‌ಗೆ ಈ ಬೆಂಬಲ ಇರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಕಂಟ್ರೋಲರ್ ಕೆಳಗೆ ಬೀಳದೆ ಇರುತ್ತಾ? ಕೊಳ್ಳುವ ದಿನವೇ ಒಂದು ಹೆಚ್ಚುವರಿ ಕಂಟ್ರೋಲರ್ ತೆಗೆದಿಟ್ಟುಕೊಳ್ಳಿ. ಇಲ್ಲವಾದರೆ ಸಾಮಾನ್ಯ ಯುಎಸ್‌ಬಿ ಅಥವಾ ಬ್ಲೂಟೂತ್ ಕಂಟ್ರೋಲರ್ ಅದಕ್ಕೆ ಹೊಂದುತ್ತಾ ನೋಡಿ.

ಈಗ ನೆಕ್ಸ್ ಪ್ಲೇಗ್ರೌಂಡ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆ, ಅದರಲ್ಲಿ ಕ್ಯಾಮೆರಾ. ಟಿವಿ ಮುಂದೆ ಇಟ್ಟರೆ ನಿಮ್ಮ ಮೈಕೈ ಆಡುವುದನ್ನು ನೋಡಿ ಆಟ ನಡೆಸುತ್ತದೆ. ಕಂಟ್ರೋಲರ್ ಇಲ್ಲ. ಎಕ್ಸ್‌ಬಾಕ್ಸ್‌ಗೆ 2010ರಲ್ಲಿ ಕಿನೆಕ್ಟ್ ಅಂತ ಬಂದಿತ್ತಲ್ಲ, ಆ ಜಾತಿಯದು. ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಇದೆ. ಇದರ ದೊಡ್ಡ ಗುಣ ಏನು ಅಂದರೆ ಕಲಿಸಬೇಕಾದ್ದು ಏನೂ ಇಲ್ಲ. ನಮ್ಮ ಅತ್ತೆಗೆ 68. ಕಂಟ್ರೋಲರ್ ಕೈಗೆ ಕೊಟ್ಟಾಗೆಲ್ಲ ಯಾವ ಗುಂಡಿ ಒತ್ತಬೇಕು ಅಂತ ಹುಡುಕುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು, ಪಾಪ, ನೀವೇ ಆಡಿ ಅಂತ ವಾಪಸ್ ಕೊಟ್ಟುಬಿಡುತ್ತಿದ್ದರು. ಇದರಲ್ಲಿ ಕೈ ಬೀಸಿ ಹಣ್ಣು ಕತ್ತರಿಸುವ ಆಟ ಇದೆ, ಅವರು ಎದ್ದು ನಿಂತು ಮೊದಲ ದಿನವೇ ಮೊಮ್ಮಗನನ್ನು ಸೋಲಿಸಿದರು. ಅವತ್ತು ಮನೆಯಲ್ಲಿ ಆದ ಗಲಾಟೆ ನನಗೆ ಇನ್ನೂ ನೆನಪಿದೆ. ಆಡೋಕೆ ಬರಲ್ಲ ಅಂತ ಬದಿಗೆ ಕೂರುತ್ತಿದ್ದವರು ಆಟಕ್ಕೆ ಇಳಿದರಲ್ಲ, ನನ್ನ ದುಡ್ಡು ಅಲ್ಲೇ ವಸೂಲಾಯಿತು.

ಆದರೆ ಇದರ ಲೆಕ್ಕ ಸರಿಯಾಗಿ ತಿಳಿದುಕೊಂಡು ಕೊಳ್ಳಿ. ಕನ್ಸೋಲ್ ಜೊತೆಗೆ ಬರುವುದು ಬೆರಳೆಣಿಕೆಯ ಗೇಮ್‌ಗಳು. ಉಳಿದದ್ದೆಲ್ಲ ಪ್ಲೇ ಪಾಸ್ ಅನ್ನುವ ಚಂದಾದ ಒಳಗೆ. ಚಂದಾ ನಿಲ್ಲಿಸಿದರೆ ಆ ಗೇಮ್‌ಗಳೂ ನಿಲ್ಲುತ್ತವೆ. ಹಾಗಾಗಿ ಡಬ್ಬಿಯ ಬೆಲೆಗೆ ಕನಿಷ್ಠ ಎರಡು ವರ್ಷದ ಚಂದಾ ಸೇರಿಸಿ, ಆ ಮೊತ್ತ ಒಪ್ಪಿಗೆಯಾ ನೋಡಿ. ಎರಡನೆಯದು ಜಾಗ. ಕ್ಯಾಮೆರಾಗೆ ಇಡೀ ದೇಹ ಕಾಣಬೇಕು. ನಾವು ಪ್ರತಿ ಸಲ ಟೀಪಾಯಿ ಎತ್ತಿ ಪಕ್ಕಕ್ಕಿಟ್ಟು, ಸೋಫಾ ಹಿಂದಕ್ಕೆ ತಳ್ಳಬೇಕು. ನಾಲ್ಕು ಜನ ಒಟ್ಟಿಗೆ ಆಡಬಹುದು ಅಂತ ಇದೆ, ನಿಜ, ಆದರೆ ನಾಲ್ಕು ಜನ ಕೈ ಬೀಸಿದರೆ ಒಬ್ಬರಿಗೊಬ್ಬರು ತಾಗದಷ್ಟು ಅಗಲ ನಿಮ್ಮ ಹಾಲ್‌ನಲ್ಲಿ ಇದೆಯಾ? ಡಬ್ಬಿ ತರುವ ಮುಂಚೆ ಎಲ್ಲರೂ ಟಿವಿ ಮುಂದೆ ನಿಂತು ಒಂದು ಸಲ ಕೈ ಚಾಚಿ ನೋಡಿ.

ಇನ್ನೊಂದು ವಿಷಯ, ಇದು ಎಲ್ಲ ಅಪರೂಪದ ಕನ್ಸೋಲ್‌ಗಳಿಗೂ ಅನ್ವಯಿಸುತ್ತದೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಮೊದಲ ಎರಡು ವಾರ ಮಕ್ಕಳು ಅದನ್ನು ಬಿಟ್ಟು ಏಳುವುದಿಲ್ಲ. ಅದನ್ನು ನೋಡಿ ಒಳ್ಳೆಯದು ತಂದೆವು ಅಂತ ತೀರ್ಮಾನ ಮಾಡಬೇಡಿ, ವರ್ಷದ ಚಂದಾವನ್ನೂ ಆಗಲೇ ಕಟ್ಟಬೇಡಿ. ಎರಡು ತಿಂಗಳು ಆದಮೇಲೆ ನೀವು ಹೇಳದೆಯೇ ಯಾರು ಅದನ್ನು ಆನ್ ಮಾಡುತ್ತಾರೆ ನೋಡಿ. ನಮ್ಮಲ್ಲಿ ಚಿಕ್ಕವನು ಮತ್ತು ಅತ್ತೆ ಮಾತ್ರ ಉಳಿದರು. ದೊಡ್ಡವಳಿಗೆ ಆಗ 12, ಅವಳ ಸ್ನೇಹಿತೆಯರೆಲ್ಲ ಬೇರೆ ಗೇಮ್ ಆಡುತ್ತಿದ್ದರು. ನಿಮ್ಮ 11 ವರ್ಷದ ಮಗುವಿಗೂ ಹೀಗೇ ಆಗುವ ಸಾಧ್ಯತೆ ಜಾಸ್ತಿ. ಆ ವಯಸ್ಸಿಗೆ ಗೆಳೆಯರ ಜೊತೆ ಆಡುವುದೇ ಆಟ, ಗೆಳೆಯರ ಹತ್ತಿರ ಇಲ್ಲದ ಕನ್ಸೋಲ್ ಎಷ್ಟು ಚೆನ್ನಾಗಿದ್ದರೂ ಒಂಟಿ ಅನ್ನಿಸುತ್ತದೆ. ಇದಕ್ಕೆ ಮಗುವನ್ನು ಬಯ್ಯಬೇಡಿ.

ಎವರ್‌ಕೇಡ್ ನನಗೆ ತುಂಬಾ ಇಷ್ಟ. 2020ರಲ್ಲಿ ಕೈಯಲ್ಲಿ ಹಿಡಿದು ಆಡುವಂಥದ್ದು ಬಂತು, 2021ರಲ್ಲಿ ಟಿವಿಗೆ ಹಾಕುವ ವಿಎಸ್ ಬಂತು. ಹಳೇ ಕಾಲದ ಹಾಗೆ ಕಾರ್ಟ್‌ರಿಡ್ಜ್ (ಗೇಮ್ ತುಂಬಿರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ) ಹಾಕಬೇಕು, ಒಂದೊಂದು ಕಾರ್ಟ್‌ರಿಡ್ಜ್‌ನಲ್ಲಿ ಹಲವು ಹಳೇ ಗೇಮ್‌ಗಳು. ಆಡೋಕೆ ಲಾಗಿನ್ ಬೇಡ, ಚಂದಾ ಇಲ್ಲ, ಜಾಹೀರಾತು ಇಲ್ಲ, ಅಪರಿಚಿತರ ಚಾಟ್ ಇಲ್ಲ. ನನ್ನ ಮೊದಲ ಪ್ರಶ್ನೆಗೆ ಇದು ಪೂರ್ತಿ ಪಾಸ್. ವಿಎಸ್‌ಗೆ ನಾಲ್ಕು ಕಂಟ್ರೋಲರ್ ಹಾಕಬಹುದು. ಕೊರತೆಯೂ ಇದೆ. ಲೈಸೆನ್ಸ್ ಮುಗಿದ ಕಾರ್ಟ್‌ರಿಡ್ಜ್‌ಗಳು ಮತ್ತೆ ತಯಾರಾಗುವುದಿಲ್ಲ. ನ್ಯಾಮ್ಕೊ ಕಂಪನಿಯ ಹಳೇ ಗೇಮ್‌ಗಳಿರುವ ನ್ಯಾಮ್ಕೊ ಮ್ಯೂಸಿಯಂ ಅನ್ನುವ ಎರಡು ಕಾರ್ಟ್‌ರಿಡ್ಜ್‌ಗಳು ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಆಡುತ್ತವೆ, ಟಿವಿಯ ವಿಎಸ್‌ನಲ್ಲಿ ಆಡುವುದಿಲ್ಲ. ಹಳೇ ಗೇಮ್‌ಗಳು ತುಂಬಾ ಕಷ್ಟ ಕೂಡ. 6 ವರ್ಷದ ಮಗು ಮೂರು ನಿಮಿಷದಲ್ಲಿ ಆಟದಲ್ಲಿ ಐದು ಸಲ ಸೋತು ಅಳು ಮುಖ ಮಾಡಿಕೊಂಡು ಎದ್ದು ಹೋಗುತ್ತದೆ. ಆ ಗೇಮ್‌ಗಳನ್ನು ಚಿಕ್ಕವರಿದ್ದಾಗ ಆಡಿದ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಮಾತ್ರ ಮಕ್ಕಳು ಅದಕ್ಕೆ ಒಗ್ಗುತ್ತಾರೆ. ನೀವು ಹಾಗೆ ಕೂರುತ್ತೀರಾ? ಹಾಗಾದರೆ ಕಣ್ಣು ಮುಚ್ಚಿ ಕೊಳ್ಳಿ.

ಪ್ಲೇಡೇಟ್ ನಿಮಗೆ ಬೇಡ. ಹಳದಿ ಬಣ್ಣದ ಪುಟ್ಟ ಯಂತ್ರ, ಪಕ್ಕದಲ್ಲಿ ತಿರುಗಿಸುವ ಹಿಡಿಕೆ, ಕಪ್ಪು ಬಿಳುಪು ಪರದೆ, ಜೊತೆಗೆ 24 ಗೇಮ್‌ಗಳು. ಬಹಳ ಮುದ್ದಾಗಿದೆ. ಆದರೆ ಒಬ್ಬರು ಆಡುವಂಥದ್ದು, ಪರದೆಗೆ ಒಳಗಿನ ಬೆಳಕೂ ಇಲ್ಲ. ಇಬ್ಬರು ಮಕ್ಕಳ ಮಧ್ಯೆ ಇದನ್ನು ಇಟ್ಟರೆ ಜಗಳವೇ.

ಸಾವಿರಾರು ಗೇಮ್ ಇದೆ ಅಂತ ಮೆಮೊರಿ ಕಾರ್ಡ್ ತುಂಬಿಸಿ ಕೊಡುವ ಅಗ್ಗದ ಯಂತ್ರಗಳೂ ಕಣ್ಣಿಗೆ ಬೀಳುತ್ತವೆ. ಅದರಲ್ಲಿರುವ ಗೇಮ್‌ಗಳಿಗೆ ಸಾಮಾನ್ಯವಾಗಿ ಯಾರ ಅನುಮತಿಯೂ ಇರುವುದಿಲ್ಲ. ಜೊತೆಗೆ ಬರುವ ಕಾರ್ಡ್ ಕೂಡ ಕಳಪೆ. ಅಷ್ಟು ಗೇಮ್ ಇದ್ದರೆ ಮಕ್ಕಳು ಯಾವುದನ್ನೂ ಪೂರ್ತಿ ಆಡುವುದಿಲ್ಲ, ಪಟ್ಟಿ ನೋಡುತ್ತಲೇ ಇರುತ್ತಾರೆ.

ಇಷ್ಟು ಹೇಳಿ ಇನ್ನೊಂದು ಮಾತು ಕೇಳುತ್ತೇನೆ. ಮನೆಯಲ್ಲಿ ಈಗಾಗಲೇ ಕಂಪ್ಯೂಟರ್ ಅಥವಾ ಹಳೇ ಕನ್ಸೋಲ್ ಇದೆಯಾ? ಇದ್ದರೆ ಇನ್ನೆರಡು ಕಂಟ್ರೋಲರ್ ತಂದು, ಒಂದೇ ಪರದೆಯಲ್ಲಿ ನಾಲ್ಕು ಜನ ಆಡುವ ಒಂದು ಒಳ್ಳೆಯ ಗೇಮ್ ಹಾಕಿ ಒಂದು ತಿಂಗಳು ನೋಡಿ. ಖರ್ಚು ಎಷ್ಟೋ ಕಡಿಮೆ. ನಿಮ್ಮ ಮನೆಯವರು ನಿಜವಾಗಿಯೂ ಒಟ್ಟಿಗೆ ಕೂತು ಆಡುತ್ತಾರಾ, ಅಥವಾ ಆ ಆಸೆ ನಿಮಗೊಬ್ಬರಿಗೇನಾ ಅಂತ ಗೊತ್ತಾಗುತ್ತದೆ. ಒಟ್ಟಿಗೆ ಆಡುತ್ತಾರೆ, ಅಜ್ಜಿ ಮಾತ್ರ ಕಂಟ್ರೋಲರ್ ಹಿಡಿಯೋಕೆ ಕಷ್ಟಪಡುತ್ತಾರೆ ಅಂತಾದರೆ ಕ್ಯಾಮೆರಾದ ಕನ್ಸೋಲ್ ತನ್ನಿ, ಮೂರು ತಿಂಗಳ ಚಂದಾದಿಂದ ಶುರು ಮಾಡಿ. ಅಜ್ಜಿಗೆ ಮಂಡಿನೋವು ಏನಾದರೂ ಇದ್ದರೆ ಕಾಮೆಂಟ್‌ನಲ್ಲಿ ಹೇಳಿ, ಕೂತುಕೊಂಡೇ ಕೈ ಬೀಸಿ ಆಡಲು ಬರುವಂಥ ಗೇಮ್ ಯಾವುವು ಅಂತ ನಮ್ಮ ಅತ್ತೆಯನ್ನು ಕೇಳಿ ಬರೆಯುತ್ತೇನೆ.